ಅಸ್ತರ

ಗಬ್ಬೂರ ಬೈಪಾಸಿನ ಶೆಡ್ಡಿನ್ಯಾಗ
ನೆಲಕ್ಕ ನೀರ ಹೊಡದು, ಧೂಳ ಮಲಗಿಸಿ,
ಗನ್ನು ಹಿಡದೆ. ಬಾಗಲಿಗೂ ಮೂತಿಗೂ ಒಂದ ಗೇಣು.
"ಹತ್ರ ಹೋದ್ರ ಅಳತೈತಿ,
ದೂರ ನಿಂತ್ರ ಉಸುಕಾಗತೈತಿ," ಅಂದ ಬುಡನ್‌ಸಾಬ.
"ಮಣಿಕಟ್ಟ ತಿರುವಬ್ಯಾಡ. ಮೈಯೆಲ್ಲಾ ನಡೀಲಿ."

ಬೂದಿ ಬಣ್ಣ ಒಣಗಿತು.
ಎಂಟುನೂರರ ಪೇಪರ, ಸಬಕಾರದ ನೀರು,
ಉಗುರು ಸವದವು.

ಪೊರೆ ಬಂದ ಕಣ್ಣು ಮುಚ್ಚಿ
ಮುದುಕ ಅಂಗೈ ಎಳದ,
ಕೊಳ್ಳಲಾರದ ರೇಷಿಮಿ ಮ್ಯಾಲೆ ಎಳದಾಂಗ.
ಹಿಡಿಕಿ ಕೆಳಗ ಕೈ ನಿಂತಿತು.
"ಇಲ್ಲೊಂದು ಗುಂಗಾಡ ಸತ್ತೈತಿ."

ಯಾರ ನೋಡ್ತಾರ್ರಿ, ಮ್ಯಾಲ ಕೆಂಪು ಬರತೈತಿ, ಅಂದೆ.
ಅಂವ ಏನೂ ಅನಲಿಲ್ಲ.
ನನ್ನ ಬೆರಳ ಹಿಡದು ಅಲ್ಲೇ ಇಟ್ಟ.

ಕಂಪ್ರೆಸರಿನ ನೀರ ಬಿಟ್ಟು
ಮತ್ತ ಪೇಪರ ತೋಯಿಸಿದೆ.
ಚಾ ಆರಿತ್ತು.