ಮೂರನೆಯ ಹಾಳೆ

ಟಿಳಕವಾಡಿ ಎರಡನೇ ಗೇಟಿನ ಮಗ್ಗುಲಿಗೆ
ಮುಚ್ಚಿದ ಐಸ್ ಫ್ಯಾಕ್ಟರಿ.
ಗುರುವಾರ ಸಂಜೆ ಕೀಲಿಕೈ ನಮ್ಮದು.

ಮೊದಲೆರಡು ಹಾಳೆ ಇಂದೂತಾಯಿ ಬರೆದದ್ದು,
ಹಸಿರು ಶಾಯಿ, ಒಂದು ಸ್ವರಕ್ಕೂ ಸಡಿಲಿಲ್ಲ.
ಮೂರನೆಯದರಲ್ಲಿ ಬರೀ ಐದು ಗೆರೆ,
ಮೂಲೆಯಲ್ಲಿ ಸಣ್ಣಗೆ:
'ಇಲ್ಲಿಂದ ನೀವು.'

ಪಲ್ಟನ್ ಬ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ
ಸ್ಯಾಕ್ಸೊಫೋನ್ ಊದಿ ಒಮ್ಮೆಯೂ ಹೆಜ್ಜೆ ತಪ್ಪದ
ಬಸ್ತ್ಯಾಂವ್ ಮಾಮಾ
ಆ ಹಾಳೆ ಹೊರಳಿಸಿ ಬೆನ್ನು ನೋಡುತ್ತಾರೆ,
ಅಲ್ಲೇನಾದರೂ ಇದ್ದೀತೆಂದು.

"ನೋಡೂದೇನೈತ್ರಿ, ಜಿಗೀರಿ," ಅಂತಾನೆ ಗೈಬು,
ಮದುವೆ ಮೆರವಣಿಗೆಯ ಕ್ಲ್ಯಾರಿನೆಟ್ಟು.
ಕುದುರೆ ಬೆದರಿದರೆ, ವರನ ಸೋದರಮಾವ ಕುಣಿದರೆ
ರಾಗ ಎತ್ತ ಹೊರಳಬೇಕು ಬಲ್ಲ.
ಮೊದಲ ಹಾಳೆಗೆ ಮಾತ್ರ
ಅವನ ಅಂಗಿ ಬೆನ್ನಿಗೆ ಅಂಟುತ್ತದೆ.

ಪರಸು ಸಂಬಾಳದ ಮೇಲೆ ಕಡ್ಡಿ ಎತ್ತಿ ಹಿಡಿದಿದ್ದಾನೆ.
ನನ್ನ ಡಬಲ್ ಬಾಸಿನ ಹೊಟ್ಟೆಯಲ್ಲಿ
ಹಳೆಯ ಅಮೋನಿಯಾ ವಾಸನೆ.

ಮೊನ್ನೆ ಆಗಲೇ ಗೇಟು ಬಿತ್ತು.
ಮಿರಜಿನ ಗಾಡಿ ಕೂಗಿತು,
ಕೋಮಲ ನಿಷಾದಕ್ಕೆ ತುಸು ಕೆಳಗೆ.

ಮಾಮಾ ಕಣ್ಣು ಮುಚ್ಚಿ ಅದನ್ನೇ ಹಿಡಿದರು.
ಜಾರಿತು. ಮತ್ತೆ ಹಿಡಿದರು, ಈ ಸಲ
ಬೂಟು ಕಳಚಿದ ಕಾಲಿನಂತೆ.
ಗೈಬು ಬೆನ್ನು ಹತ್ತಿದ, ಪರಸು ಅಡ್ಡ ಹೋದ,
ನಾನೆಲ್ಲಿದ್ದೆನೋ
ಬೆರಳಿಗೆ ಗೊತ್ತು.

ಗಾಡಿ ದಾಟಿ, ಗೇಟು ಎದ್ದು,
ಸ್ಕೂಟರುಗಳೆಲ್ಲ ಬೈದಾಡಿ ಹರಿದುಹೋದ ಮೇಲೂ
ನಿಲ್ಲಿಸಲು ಇಂದೂತಾಯಿ ಕೈ ಎತ್ತಲಿಲ್ಲ.
ಹಸಿರು ಪೆನ್ನಿನ ಮುಚ್ಚಳ ತೆಗೆದು
ಏನೋ ಬರೆಯಲು ಬಾಗಿದವರು
ಹಾಗೇ ಮುಚ್ಚಿಟ್ಟರು.

"ಚಹಾ ಯಾರು ತರ್ತೀರಿ?"