ಒಂದೇ ಪೆಟ್ಟಿಗೆ

ಎಡಗೈಯದೋ ಬಲಗೈಯದೋ, ಕೇಳಿದೆ.
ಗ್ಲೌಸಿನ ಹೆಬ್ಬೆರಳು ಯಾವ ಕಡೆ ಕೂರಿಸಲಿ?
ಅಳತೆ ಹಿಡಿಯುವ ಬಡಗಿಗೆ ಇಷ್ಟಾದರೂ ತಿಳಿಯಬೇಕಲ್ಲ.

ಕೊರ್ಶಿ ಸುಮ್ಮನೆ ನಿಂತಳು,
ಕೈಗೆ ಇನ್ನೂ ಹೊಗೆಮೀನಿನ ವಾಸನೆ.
"ಎಡ" ಅಂದಳು ಆಮೇಲೆ. "ಬಲಗೈ ಬರೀ ನೆಪ ಅವನಿಗೆ.
ಬುಕೊಮ್ ಹುಡುಗರನ್ನು ಕೇಳು, ಬೇಕಾದರೆ."

ಇವತ್ತು ಬಾಕ್ಸಿಂಗ್ ಡೇ. ಅಕ್ರಾಗೆಲ್ಲ ರಜೆ,
ನನ್ನ ಉಳಿಗಿಲ್ಲ.
ಹಿಂದೆ ದೊರೆಗಳು ಹಬ್ಬದ ಮರುದಿನ
ಆಳುಗಳಿಗೆ ಡಬ್ಬಿ ಕೊಡುತ್ತಿದ್ದರಂತೆ:
ಮಿಕ್ಕ ಮಾಂಸ, ಹಳೆ ಅಂಗಿ.
ದೊರೆ ಹಡಗು ಹತ್ತಿದ, ಡಬ್ಬಿಯೂ ಹತ್ತಿತು,
ಹೆಸರೊಂದು ದಡದಲ್ಲೇ ಉಳಿಯಿತು.
ನಮ್ಮವರು ಆ ಹೆಸರನ್ನೇ ನಂಬಿ ರಿಂಗು ಕಟ್ಟಿದರು.

ನಲವತ್ತು ವರ್ಷ, ಇದೇ ದಿನ,
ಒಡಾಯ್ ಹುಡುಗರನ್ನು ಹಗ್ಗದೊಳಗೆ ಬಿಟ್ಟ.
ಗೆದ್ದವನಿಗೆ ಬೆನ್ನ ಮೇಲೊಂದು ತಟ್ಟು,
ಸೋತವನಿಗೆ ಬಿಸಿ ಕೆಂಕಿ, ಕರಿದ ಮೀನು.

ನನಗೂ ಹೊಡೆದಿದ್ದ, ಹದಿನಾರರಲ್ಲಿ.
ಒಂದೇ ಪೆಟ್ಟಿಗೆ ಮಲಗಿದೆ.
ನೀರು ಚಿಮುಕಿಸಿ ಅಂದ:
"ಈ ಕೈ ಗುದ್ದಲಿಕ್ಕಲ್ಲ ಮಾರಾಯ, ಜೋಡಿಸಲಿಕ್ಕೆ.
ಹೋಗು, ನೋರ್ಟೆ ಹತ್ತಿರ ಮರಗೆಲಸ ಕಲಿ."

ಕಲಿತೆ.
ಮೀನುಗಾರನಿಗೆ ಮೀನು, ಡ್ರೈವರನಿಗೆ ಲಾರಿ,
ಹೀಗೆ ಎಷ್ಟು ಜನರನ್ನು ತುಂಬಿ ಕಳಿಸಿದೆನೋ.
ಈಗ ವಾವಾ ಮರ, ಎರಡು ಕೋಟು ಕೆಂಪು,
ಮಣಿಕಟ್ಟಿನ ಕಡೆ ಬಾಗಿಲು, ಒಳಗೆ ಬಿಳಿ ಲೇಸು.

ಕೆಲಸದ ಹುಡುಗ ಇಣುಕಿ ಕೇಳುತ್ತಾನೆ:
"ಗ್ಲೌಸಿಗೆ ಕೈ ತೂರಿಸುತ್ತಾರೆ,
ಇವರು ಇಡೀ ಆಳೇ ಹೋಗುತ್ತಾರಾ?"

ಹೋಗುತ್ತಾರೆ.
ಮುಷ್ಟಿ ಕಟ್ಟಿ ಹಲಗೆಯನ್ನು ಗುದ್ದಿ ನೋಡುತ್ತೇನೆ,
ಗಟ್ಟಿಯಿದೆ.
ಅಷ್ಟು ಸಂಜೆ, ಅಷ್ಟು ಹುಡುಗರ ಮೂಗು,
ಎಲ್ಲ ಸೇರಿ ಒಂದೇ ಪೆಟ್ಟಿಗೆ.

ಹೆಬ್ಬೆರಳಿನ ಬಣ್ಣ ಇನ್ನೂ ಒಣಗಬೇಕು.