ಪುಟ ಒಂದು

ಕುಲಪತಿಗಳು ನನ್ನ ಕೈಯಾಗೊಂದು ದಪ್ಪ ಪುಸ್ತಕ ಇಟ್ರು,
ಅಮೆರಿಕದ ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಇತಿಹಾಸ.
'ಹಿಂಗ ಬರೀರಿ ಮೇಡಂ, ನಮ್ಮದೂ ಎಪ್ಪತ್ತೈದಾಯ್ತು.'
ಹಾಳಿ ನುಣ್ಣಗ, ಬೆವತ ಬೆರಳಿಗ ಅಂಟ್ಕೊಂತಾವ.
ಬಳ್ಳಿ ಹಬ್ಬಿದ ಗೋಡಿ, ಹಿಮದಾಗ ಕುಂತ ಕಂಚಿನ ದಾನಿ;
ಪರೀಕ್ಷಾದ ಹಿಂದಿನ ದಿನ ಹುಡುಗ್ರು ಮುಟ್ಟಿ ಮುಟ್ಟಿ
ಅವನ ಬೂಟಿನ ತುದಿ ಒಂದೇ ಹೊಳೀಲಾಕತ್ತದ.
ಕಲಬುರಗಿಯಾಗ ಮೇ ತಿಂಗಳು.
ಫ್ಯಾನು ತಿರಗತದ, ಗಾಳಿ ತಿರಗಂಗಿಲ್ಲ.
ನಾನು ಅತಿಥಿ ಉಪನ್ಯಾಸಕಿ, ಹನ್ನೊಂದು ವರ್ಷದಿಂದ ಅತಿಥಿ.

ಬರದೆ:
ಗಂಜಿನ ಅಡತಿ ಗುರುಪಾದಪ್ಪನವರು
ತೊಗರಿ ಗೋದಾಮು ಖಾಲಿ ಮಾಡಿಸಿ ಕಾಲೇಜು ತೆರೆದರು.
ಇದು ಎಲ್ಲಾರಿಗೂ ಗೊತ್ತದ. ಗೇಟಿನ ಮ್ಯಾಲೂ ಅದ.
ಮೊದಲ ವರ್ಷದ ಹದಿನೇಳು ಹುಡುಗ್ರು
ಗೋಣಿಚೀಲದ ಮ್ಯಾಲ ಕುಂತು ಲಾಗರಿದಮ್ ಕಲ್ತು,
ಎದ್ದಾಗ ಪೈಜಾಮಾದ ಹಿಂದ ತೊಗರಿ ಹೊಟ್ಟು.
ಗ್ರಂಥಾಲಯ ಅಂದ್ರ ಹಮಾಲ ಚಂದಪ್ಪ.
ಅಕ್ಷರ ಬರ್ತಿರಲಿಲ್ಲ ಅವಂಗ, ಅಂಕಿ ಬರ್ತಿದ್ವು.
ಚೀಲಕ್ಕ ಹೊಡಿಯೋ ತಗಡಿನ ಅಚ್ಚು, ಅದೇ ನೀಲಿ ಮಸಿ,
ಪುಸ್ತಕದ ಬೆನ್ನಿಗ ಹೊಡದ.
ಕೆಳಗಿನ ಕಪಾಟಿನಾಗ ಇವತ್ತಿಗೂ ಒಂದು ವ್ಯಾಕರಣ ಅದ,
ಬೆನ್ನ ಮ್ಯಾಲ: ನಿವ್ವಳ ತೂಕ ಎರಡು ಮಣ.

ಮೊದಲ ಸಂಶೋಧನಾ ಪ್ರಬಂಧ ಕಾಯಿಕೊರಕ ಹುಳದ ಮ್ಯಾಲ.
ಪ್ರೊಫೆಸರರು ಗಾಜಿನ ಬರಣಿಯಾಗ ಹುಳ ಬೆಳಸ್ಯಾರ,
ಅಡತಿಯವರು ಬೈದಾರ:
'ಕೊಲ್ಲಂತ ಪಗಾರ ಕೊಟ್ರ ಸಾಕ್ಲಾಕತ್ತೀರಲ್ಲರೀ!'

ಅಲ್ಲಿತನಕ ನಗ್ತಾ ಬರದೆ.

ಆಮ್ಯಾಲ ಹಳೆ ಫೀ ರಸೀದಿ ಗಂಟಿನ ತಳದಾಗ
ಇನ್ನೊಂದು ಕಾಗದ ಸಿಕ್ತು. ಫಸಲಿ ೧೩೫೮. ಉರ್ದು.
ಕಚೇರಿಯಾಗ ಯಾರಿಗೂ ಓದಾಕ ಬರಂಗಿಲ್ಲ.
ಶಹಾಬಾಜಾರದಾಗ ವಾಜಿದ್ ಸಾಹೇಬರು,
ಕೋರ್ಟಿನಾಗ ದಸ್ತಾವೇಜು ಬರದು ಬರದು ಕಣ್ಣು ತೀಡಿದವರು,
ಕಾಗದ ಮೂಗಿಗ ಹಚ್ಚಿ ಓದಿದ್ರು.
ಆರು ಎಕರೆ. ಒಂದು ಬಾವಿ. ಎರಡು ಹುಣಸಿಮರ.
'ಕೊಟ್ಟಾಕಿ ಖುರ್ಷೀದಬೀ. ಹೆಬ್ಬೆಟ್ಟಲ್ಲ, ಸಹಿ ಅದ.
ಗಂಡ ಮೀರ್ ಹಶಮತ್ ಅಲಿ...'
ನಿಂತ್ರು.
'ಮರಹೂಮ್ ಅಂತ ಬರೀಬೇಕಿತ್ತು. ಬರದಿಲ್ಲ.
ಗೈರುಹಾಜರ್ ಅಂತ ಬರಸ್ಯಾಳ.'
ಆ ವರ್ಷದ ಸಪ್ಟೆಂಬರದ ಬಗ್ಗೆ
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಚಹಾ ಮ್ಯಾಲ ಕೆನಿ ಕಟ್ತು.

'ಶರತ್ತು ಒಂದೇ ಅದ ಬೇಟಿ.
ರಾತ್ರಿ ಹತ್ತರ ತನಕ ಒಂದು ಕಂದೀಲು ಉರೀಬೇಕು,
ಹೆಣ್ಣು ಹುಡುಗ್ರು ಕುಂತು ಓದಾಕ.
ಎಣ್ಣಿ ರೊಕ್ಕ ಹುಣಸಿಹಣ್ಣು ಮಾರಿ.'

ಬಾವಿ ಮುಚ್ಚಿ ಅದರ ಮ್ಯಾಲ ಪ್ಲೇಸ್‌ಮೆಂಟ್ ಸೆಲ್.
ಹುಣಸಿಮರದ ಜಾಗಾದಾಗ ಕಾರು ನಿಲ್ತಾವ.
ಗ್ರಂಥಾಲಯ ಐದೂವರೆಗೆ ಬಂದ್.
ಬಂದ್ ಆದ ಮ್ಯಾಲ ಒಬ್ಬಾಕಿ ಮೆಟ್ಟಿಲ ಮ್ಯಾಲ ಕುಂತು,
ಕಾದ ಶಹಾಬಾದ ಕಲ್ಲಿಗ ದುಪಟ್ಟಾ ಹಾಸಿ,
ಮೊಬೈಲ್ ಬೆಳಕಿನಾಗ ಓದ್ತಿರ್ತಾಳ.
ವಾಚ್‌ಮನ್ ಬಂದು ಎಬ್ಬಸ್ತಾನ. ಅವನ ತಪ್ಪಲ್ಲ.

'ಇದು ಬ್ಯಾಡ ಮೇಡಂ, ಆಸ್ತಿ ವಿಷಯ, ಸೂಕ್ಷ್ಮ ಅದ.
ಅಡತಿಯವರಿಂದನೇ ಶುರು ಮಾಡ್ರಿ.'

ಮರುದಿನ ಕ್ಲಾಸಿನಾಗ ಹಾಜರಿ ಕರದೆ.
ಮೂವತ್ತಾರು. ಉತ್ತರ ಇಲ್ಲ.
ಮೂವತ್ತಾರು.
ಬರೋದಿಲ್ಲ ಅಂತ ಗೊತ್ತಿದ್ರೂ ದಿನಾ ಕರೀತೀವಿ,
ಹೆಸರು ಪಟ್ಟಿಯಾಗ ಇರೋತನಕ ಕರೀಬೇಕು,
ಅಷ್ಟ ಗೊತ್ತಿತ್ತೇನೋ ಅಕಿಗೂ.

ಖುರ್ಷೀದಬೀಯ ಹೆಸರು ಮೊದಲನೇ ಪುಟಕ್ಕ ಹಾಕಿ ಕಳಿಸಿದೆ,
ಅಕಿ ಗಂಡನ್ನ ಅಕಿ ಬರಸಿದಂಗ ಬರದು.

ನಿನ್ನೆ ಪ್ರೆಸ್ಸಿನಿಂದ ಕರಡು ಬಂತು.
ಒಳ್ಳೆ ಕಾಗದ. ಅಂಟ್ಕೊಳ್ಳೋ ಅಂಥಾದ್ದು.
ಅಡತಿಯವರ ಬಣ್ಣದ ಫೋಟೋ, ಕೆಳಗ ಗೋದಾಮು.

ಪುಟದ ಸಂಖ್ಯಾ
ಎರಡರಿಂದ ಶುರು ಅದ.